ಕೊನೆಯ ದಿನಗಳ ಆರೈಕೆ: ಮನೆಯಲ್ಲೋ, ಹಾಸ್ಪಿಸ್‌ನಲ್ಲೋ?

ಡಾಕ್ಟರ್ "ಇನ್ನು ಗುಣ ಆಗಲ್ಲ" ಅಂದ ಮೇಲೂ ಮಾಡುವುದು ಬೇಕಾದಷ್ಟಿದೆ. ನೋವು, ಏದುಸಿರು, ವಾಂತಿ, ಭಯ ಇವನ್ನು ತಗ್ಗಿಸುವುದೇ ಪ್ಯಾಲಿಯೇಟಿವ್ ಕೇರ್. ಕ್ಯಾನ್ಸರ್‌ಗೆ ಕೊಡುವ ಕೀಮೋ ಚಿಕಿತ್ಸೆ ನಡೆಯುವಾಗಲೇ ಇದನ್ನು ಶುರು ಮಾಡಬಹುದು. ಹಾಸ್ಪಿಸ್ ಮಾತ್ರ ಗುಣಪಡಿಸುವ ಚಿಕಿತ್ಸೆ ಕೈಬಿಟ್ಟ ಮೇಲೆ ಇಂಥ ಆರೈಕೆ ಕೊಡುವ ಜಾಗ.

ಮನೆಯಲ್ಲಾದರೆ ತಮ್ಮದೇ ಹಾಸಿಗೆ, ಮೊಮ್ಮಕ್ಕಳ ಸದ್ದು, ಬೇಕೆಂದಾಗ ಎರಡು ಚಮಚ ಗಂಜಿ. ಆದರೆ ಕೆಲಸ ಸಣ್ಣದಲ್ಲ. ಬೆನ್ನಿಗೆ ಹುಣ್ಣಾಗದಂತೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ತೀವ್ರ ನೋವು ತಗ್ಗಿಸುವ ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ಹೆಚ್ಚಾಗಿ 4 ಗಂಟೆಗೊಮ್ಮೆ ಕೊಡುತ್ತಾರೆ. ನೋವು ಜಾಸ್ತಿಯಾಗುವ ತನಕ ಕಾಯಬಾರದು. ಮಾರ್ಫಿನ್‌ನಿಂದ ಮಲ ಕಟ್ಟುತ್ತದೆ, ಅದಕ್ಕೂ ಔಷಧಿ ಕೇಳಿ ಪಡೆಯಿರಿ. "ಚಟ ಹತ್ತುತ್ತೆ" ಅಂತ ಹೆದರಿ ಮಾತ್ರೆ ತಪ್ಪಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಡಾಕ್ಟರ್ ಹೇಳಿದಂತೆ ಕೊಟ್ಟರೆ ಆ ಭಯ ಬೇಕಿಲ್ಲ.

ಹಾಸ್ಪಿಸ್‌ನಲ್ಲಿ ರಾತ್ರಿಯೂ ನರ್ಸ್ ಇರುತ್ತಾರೆ. ನೀವು ಬರೀ ಮಗಳಾಗಿ, ಮಗನಾಗಿ ಪಕ್ಕದಲ್ಲಿ ಕೂರಬಹುದು. ಬೆಂಗಳೂರಿನ ಕರುಣಾಶ್ರಯ ಹಾಸ್ಪಿಸ್‌ನಲ್ಲಿ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಆರೈಕೆ ಉಚಿತ. ಮನೆಗೆ ಬಂದು ನೋಡುವ ತಂಡವೂ ಅವರಲ್ಲಿದೆ. ಕಿಡ್ನಿ, ಹೃದಯ, ಮರೆವಿನ ಕಾಯಿಲೆಯಾದರೆ ಸೇರಿಸಿಕೊಳ್ಳುತ್ತಾರಾ ಅಂತ ಯಾವುದೇ ಹಾಸ್ಪಿಸ್‌ಗೂ ಮೊದಲೇ ಫೋನ್ ಮಾಡಿ.

ಸರದಿ ಮೇಲೆ ನೋಡಿಕೊಳ್ಳಲು ಇಬ್ಬರಾದರೂ ಇದ್ದು, ಮನೆಗೆ ಬರುವ ನರ್ಸ್ ಸಿಕ್ಕರೆ ನಾನು ಮನೆ ಅನ್ನುತ್ತೇನೆ. ನೋವು ಹತೋಟಿಗೆ ಬರುತ್ತಿಲ್ಲ, ನೋಡಿಕೊಳ್ಳುವವರು ಒಬ್ಬರೇ ಅಂದರೆ ಹಾಸ್ಪಿಸ್ ಒಳ್ಳೆಯದು. "ಅಪ್ಪನನ್ನು ಹೊರಗೆ ಹಾಕಿದರು" ಅನ್ನುವ ನೆಂಟರ ಮಾತಿಗೆ ಕಿವಿಗೊಡಬೇಡಿ. ರೋಗಿಗೆ ಮಾತಾಡುವ ಶಕ್ತಿ ಇರುವಾಗಲೇ ಎಲ್ಲಿರಲು ಇಷ್ಟ ಅಂತ ಅವರನ್ನೇ ಕೇಳಿ.