‘ಟ್ರೇನಿಂಗ್ ಆದ ಹುಡುಗಿ’ ಎಂದ ಮಾತ್ರಕ್ಕೆ ಮಗುವನ್ನು ಒಪ್ಪಿಸಬೇಡಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಮಗು ನೋಡಿಕೊಳ್ಳುವವರನ್ನು ಹುಡುಕುತ್ತಿರುವ ತಂದೆ-ತಾಯಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ‘ತರಬೇತಿ ಪಡೆದ ಆಯಾ’ ಎಂದು ಏಜೆನ್ಸಿಯೊಂದು ನಮ್ಮ ಮನೆಗೆ ಕಳಿಸಿದ ಹುಡುಗಿಗೆ ತರಬೇತಿ ಅನ್ನುವಂಥದ್ದು ಏನೂ ಸಿಕ್ಕಿರಲಿಲ್ಲ. ಅದನ್ನು ಅನುಭವಿಸಿದ್ದು ನಮ್ಮ ಹತ್ತು ತಿಂಗಳ ಮಗು.

ಯಜಮಾನರಿಗೆ ಕೈಗಾದಲ್ಲಿ ಶಿಫ್ಟ್ ಕೆಲಸ, ನನ್ನದು ಊರೊಳಗೇ ಒಂದು ಖಾಸಗಿ ಕಚೇರಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದಾಗಿ 26 ವಾರ ಹೆರಿಗೆ ರಜೆಯೇನೋ ಸಿಕ್ಕಿತು. 50 ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದೂ ಕಾನೂನು ಹೇಳುತ್ತದೆ, ಆದರೆ ನಮ್ಮಲ್ಲಿ ಇಪ್ಪತ್ತು ಜನವೂ ಇಲ್ಲ. ಅತ್ತೆಯವರು ಸಿದ್ದಾಪುರದ ತೋಟ, ದನಕರು ಬಿಟ್ಟು ಬರುವ ಹಾಗಿಲ್ಲ. ಕೊನೆಗೆ ಏಜೆನ್ಸಿಗೆ ಒಂದು ತಿಂಗಳ ಸಂಬಳದಷ್ಟು ನೋಂದಣಿ ಹಣ ಕಟ್ಟಿದೆವು. ತರಬೇತಿಯ ಬಗ್ಗೆ ಕೇಳಿದ್ದಕ್ಕೆ ಬಂಗಾರದ ಬಣ್ಣದ ಸೀಲು ಹೊಡೆದ ಪ್ರಮಾಣಪತ್ರ ತೋರಿಸಿದರು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗಲೆಲ್ಲ ಮಗು ನಿದ್ದೆಯಲ್ಲೇ ಇರುತ್ತಿತ್ತು. ಕೇಳಿದರೆ, “ಒಳ್ಳೆ ಹುಡ್ಗ ಅಕ್ಕಾ, ಹಠವೇ ಇಲ್ಲ” ಅನ್ನುತ್ತಿದ್ದಳು. ಒಂದು ದಿನ ಎಬ್ಬಿಸಿದರೂ ಏಳಲಿಲ್ಲ. ಎತ್ತಿಕೊಂಡರೆ ಕತ್ತು ಜೋಲುತ್ತಿತ್ತು. ಬಾಯಿಗಿಟ್ಟ ಹಾಲು ಕಟಬಾಯಿಯಿಂದ ಸೋರಿ ಹೋಗುತ್ತಿತ್ತು. ಆಟೋ ಹಿಡಿದು ಓಡಿದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, ಯಾವ ಔಷಧ ಕೊಟ್ಟಿದ್ದೀರಿ ಎಂದು. ಆಗ ಆ ಹುಡುಗಿ ಅಳುತ್ತಾ ತನ್ನ ಬ್ಯಾಗಿನಿಂದ ಶೀತದ ಸಿರಪ್ ಬಾಟಲಿ ತೆಗೆದಳು. ಮುಚ್ಚಳದ ಅಂಚಿನಲ್ಲಿ ಸಿರಪ್ ಅಂಟಂಟಾಗಿ ಒಣಗಿತ್ತು, ಬಾಟಲಿ ಮುಕ್ಕಾಲು ಖಾಲಿ.

ಅದರಲ್ಲಿದ್ದದ್ದು ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್. ಈ ಎರಡರ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಲೇಬಲ್ ಮೇಲೆ ಮುದ್ರಿಸಲೇಬೇಕೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಡಿಸೆಂಬರ್ 2023ರಲ್ಲೇ ಆದೇಶಿಸಿದೆ. ಮೊದಲನೆಯ ಔಷಧ ಮಂಪರು ತರಿಸುತ್ತದೆ, ಪ್ರಮಾಣ ಮೀರಿದರೆ ಕೂಸಿನ ಉಸಿರಾಟಕ್ಕೇ ತೊಂದರೆ. ರಾತ್ರಿಯವರೆಗೂ ಮಗುವನ್ನು ಅಲ್ಲೇ ಇಟ್ಟುಕೊಂಡು ನೋಡಿದರು. ದೇವರ ದಯೆ, ಈಗ ಚೆನ್ನಾಗಿದ್ದಾನೆ.

“ಮೇಡಂ ಹೇಳಿದ್ರು ಅಕ್ಕಾ. ಮಲಗ್ದೇ ಹಠ ಮಾಡಿದ್ರೆ ಅರ್ಧ ಮುಚ್ಚಳ ಕೊಡು, ಎಲ್ಲಾ ಕಡೆ ಕೊಡ್ತಾರೆ ಅಂದ್ರು.” ಮೇಡಂ ಎಂದರೆ ಏಜೆನ್ಸಿಯ ಸೂಪರ್‌ವೈಸರ್. ಇನ್ನೂ ಇಪ್ಪತ್ತು ತುಂಬದ, ಅಂಕೋಲಾ ಕಡೆಯ ಹಳ್ಳಿಯ ಹುಡುಗಿ ಅವಳು. ಒಂದು ದಿನ ವಿಡಿಯೋ ತೋರಿಸಿ, ಮರುದಿನ ಸಮವಸ್ತ್ರ ಹಾಕಿಸಿ ಫೋಟೋ ತೆಗೆದದ್ದೇ ತರಬೇತಿಯಂತೆ. ಅದಕ್ಕೆ ಅವಳಿಂದಲೂ ಹಣ ಕಿತ್ತಿದ್ದಾರೆ. ನನ್ನ ಸಿಟ್ಟು ಅವಳ ಮೇಲಲ್ಲ. ಏನೂ ಕಲಿಸದೆ ಅವಳ ಕೈಗೆ ಕೂಸು ಕೊಡಿಸಿದವರ ಮೇಲೆ.

ಏಜೆನ್ಸಿಯವರು ಬೇರೆ ಹುಡುಗಿಯನ್ನು ಕಳಿಸುತ್ತೇವೆ ಎಂದರು, ಹಣ ಮಾತ್ರ ವಾಪಸಿಲ್ಲ. ‘ನಾವು ಪರಿಚಯಿಸುವವರು ಮಾತ್ರ, ಮನೆಯಲ್ಲಿ ನಡೆಯುವುದಕ್ಕೆ ಹೊಣೆಗಾರರಲ್ಲ’ ಎಂಬ ಕರಾರಿನ ಸಾಲನ್ನು ತೋರಿಸಿದರು. ತರಬೇತಿ ತಮ್ಮದೇ ಎಂದು ಹಣ ಪಡೆದವರು ಹೊಣೆ ಬಂದಾಗ ಬರೀ ಪರಿಚಯಿಸುವವರಾಗುವುದು ಯಾವ ನ್ಯಾಯ? ಹಳ್ಳಿಯ ಉದ್ಯೋಗ ಖಾತ್ರಿ ಹೆಂಗಸರ ಮಕ್ಕಳಿಗಾಗಿ ಮಾಡಿದ ‘ಕೂಸಿನ ಮನೆ’ಗಳಲ್ಲಿ ಕೂಡ ಆರೈಕೆ ಮಾಡುವವರಿಗೆ ತರಬೇತಿ ಕೊಡಬೇಕೆಂಬ ವ್ಯವಸ್ಥೆಯಿದೆ.

ನೀವು ಹುಡುಕುತ್ತಿದ್ದರೆ ಪ್ರಮಾಣಪತ್ರ ಕೊಟ್ಟವರು ಯಾರು, ಸರ್ಕಾರಿ ಕೌಶಲ ಯೋಜನೆಯದ್ದಾದರೆ ಕ್ಯೂಆರ್ ಕೋಡ್ ಇದೆಯೇ, ಸ್ಕ್ಯಾನ್ ಮಾಡಿದರೆ ಅವರದೇ ಹೆಸರು ಬರುತ್ತದೆಯೇ ನೋಡಿ. ಅದಕ್ಕಿಂತ ಮುಖ್ಯ, ಗೊಂಬೆ ಕೈಗೆ ಕೊಟ್ಟು ಮಾಡಿಸಿ ನೋಡಿ. ವರ್ಷದೊಳಗಿನ ಕೂಸಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡು ಉಸಿರು ಕಟ್ಟಿದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು ಬೆನ್ನಿಗೆ, ಭುಜಗಳ ನಡುವೆ 5 ಸಲ ಬಲವಾಗಿ ತಟ್ಟಬೇಕು. ಬರದಿದ್ದರೆ ಮಗುಚಿ ಎದೆಯ ನಡುವೆ 5 ಸಲ ಒತ್ತಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು. ನಿಜವಾಗಿ ಕಲಿತವರ ಕೈ ಇದಕ್ಕೆ ತಡವರಿಸುವುದಿಲ್ಲ. ಜ್ವರದ ಔಷಧದ ಬಗ್ಗೆಯೂ ಕೇಳಿ. ಪ್ಯಾರಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೇ 100 ಮಿ.ಗ್ರಾಂ ಇರುತ್ತದೆ, ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಅಥವಾ 250. ಎರಡನ್ನೂ ಒಂದೇ ಚಮಚದಲ್ಲಿ ಅಳೆಯುವವರಿಗೆ ಔಷಧದ ಪೆಟ್ಟಿಗೆ ಕೊಡಲೇಬೇಡಿ.

ಮಗುವಿನ ನಿದ್ದೆ ಇದ್ದಕ್ಕಿದ್ದಂತೆ ಹೆಚ್ಚಾದರೆ ಡಾಕ್ಟರಿಗೆ ತೋರಿಸಿ, ಮನೆಯಲ್ಲಿರುವ ಎಲ್ಲ ಬಾಟಲಿಗಳನ್ನೂ ಜೊತೆಗೆ ಒಯ್ಯಿರಿ. ಇಂಥ ಏಜೆನ್ಸಿಗೆ ಹಣ ಕಟ್ಟಿ ಮೋಸ ಹೋಗಿದ್ದರೆ ರಸೀದಿ, ಕರಾರು, ವಾಟ್ಸಾಪ್ ಸಂದೇಶ ಯಾವುದನ್ನೂ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. ನಾವು ಅಲ್ಲಿಗೆ ಕಾಗದ ಸಿದ್ಧ ಮಾಡುತ್ತಿದ್ದೇವೆ. ಆ ಹುಡುಗಿಯೂ ತನ್ನಿಂದ ಪಡೆದ ಹಣದ ಚೀಟಿ ತಂದುಕೊಟ್ಟಿದ್ದಾಳೆ.