ಹೊಸೂರಿನಲ್ಲಿ ವಿಮಾನದ ಕಾರ್ಬನ್ ಫೈಬರ್ ಭಾಗಗಳನ್ನು ಮಾಡಿಸುವವರಿಗೆ: ಒಂದು ಕಾರ್ಖಾನೆಯ ಕೆಲಸದ ವಿಮರ್ಶೆ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಕಾರ್ಬನ್ ಫೈಬರ್ ಮತ್ತು ಗ್ಲಾಸ್ ಫೈಬರ್ ಭಾಗಗಳನ್ನು ವಿನ್ಯಾಸದಿಂದ ಹಿಡಿದು ತಪಾಸಣೆಯವರೆಗೆ ಮಾಡಿಕೊಡುವ ಒಂದು ಸಣ್ಣ ಕಾರ್ಖಾನೆಯಿದೆ. ನೆಲದ ಸಮೀಕ್ಷೆಗೆಂದು ನಾವು ರೂಪಿಸುತ್ತಿರುವ ಚಾಲಕರಹಿತ ವಿಮಾನದ ರೆಕ್ಕೆಯ ಹೊದಿಕೆಗಳು, ರೆಕ್ಕೆಯೊಳಗಿನ ಆಧಾರಪಟ್ಟಿಗಳು ಮತ್ತು ಬಾಲದ ಭಾಗಗಳನ್ನು ಅಲ್ಲಿ ಮಾಡಿಸಿದೆವು. ಅವರ ಗ್ರಾಹಕರಲ್ಲಿ ಹೆಚ್ಚಿನವರು ಗೋಪ್ಯತೆಯ ಒಪ್ಪಂದ ಮಾಡಿಕೊಂಡಿರುವುದರಿಂದ ಕಾರ್ಖಾನೆಯವರು ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಕೋರಿದ್ದಾರೆ; ಅದನ್ನು ಗೌರವಿಸಿ ಕೆಲಸದ ಗುಣವನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಭಾಗಗಳನ್ನು ಬೇರೆಡೆ ಮಾಡಿಸುವವರಿಗೂ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ಇದರಿಂದ ತಿಳಿದೀತು.

ಈ ಕಸುಬಿಗೂ ಹೊಸೂರಿಗೂ ಇರುವ ನಂಟು ಇಂದಿನದಲ್ಲ. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ವಿನ್ಯಾಸಗೊಳಿಸಿ 1993ರಲ್ಲಿ ಮೊದಲು ಹಾರಿಸಿದ ಎರಡು ಆಸನಗಳ ಹಂಸ ವಿಮಾನದ ದೇಹ ಕಾಂಪೊಸಿಟ್‌ನದು, ಅಂದರೆ ಎಳೆಗಳನ್ನು ಅಂಟಿನಂಥ ರೆಸಿನ್‌ನಲ್ಲಿ ಕೂರಿಸಿ ಗಟ್ಟಿಗೊಳಿಸಿದ ವಸ್ತುವಿನದು. ಮುಂದೆ ಹಂಸ-3 ವಿಮಾನಗಳನ್ನು ತನೇಜಾ ಏರೋಸ್ಪೇಸ್ ಸಂಸ್ಥೆ ಹೊಸೂರಿನಲ್ಲಿಯೇ ತಯಾರಿಸಿತು. ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಕಾಂಪೊಸಿಟ್ ಆಗಿದ್ದು, ಆ ಕೆಲಸದಿಂದ ಬೆಳೆದ ಕೌಶಲ ಅತ್ತಿಬೆಲೆಯ ಗಡಿ ದಾಟಿ ಇತ್ತ ಬಂದಿದೆ. ನಮ್ಮ ಕೆಲಸ ನೋಡಿಕೊಂಡ ಹಿರಿಯರು ಬೆಂಗಳೂರಿನಲ್ಲಿ ವಿಮಾನದ ಭಾಗಗಳನ್ನು ಮಾಡಿಯೇ ನಿವೃತ್ತರಾದವರು. ಅವರು ನಮ್ಮೊಡನೆ ಕನ್ನಡದಲ್ಲಿ, ಅಚ್ಚಿನ ಬಳಿ ನಿಂತ ಹುಡುಗರೊಡನೆ ತಮಿಳಿನಲ್ಲಿ, ಓವನ್ ನೋಡಿಕೊಳ್ಳುವವರೊಡನೆ ತೆಲುಗಿನಲ್ಲಿ ಮಾತನಾಡುತ್ತಿದ್ದರು.

ಈ ಕಾರ್ಖಾನೆಯ ದೊಡ್ಡ ಗುಣವೆಂದರೆ, ಕೊಟ್ಟ ನಕ್ಷೆಯನ್ನು ಹಾಗೆಯೇ ಮಾಡಿಕೊಡಲು ಅವರು ಒಪ್ಪುವುದಿಲ್ಲ. ಅಲ್ಯೂಮಿನಿಯಂ ತಗಡನ್ನು ಕೊಳ್ಳುವಾಗ ಅದರ ಬಲ ಎಷ್ಟೆಂಬುದು ಮೊದಲೇ ಗೊತ್ತಿರುತ್ತದೆ, ಕತ್ತರಿಸಿ ಬಗ್ಗಿಸುವುದಷ್ಟೇ ಉಳಿದಿರುತ್ತದೆ. ಕಾರ್ಬನ್ ಫೈಬರ್‌ನಲ್ಲಿ ಎಳೆಗಳಿಂದಾದ ಬಟ್ಟೆಯನ್ನು ಪದರಪದರವಾಗಿ ಹಾಸಿ ರೆಸಿನ್‌ನೊಡನೆ ಗಟ್ಟಿಗೊಳಿಸುವುದರಿಂದ ವಸ್ತುವೂ ಭಾಗವೂ ಒಂದೇ ಹೊತ್ತಿನಲ್ಲಿ, ಅಚ್ಚಿನ ಮೇಲೆಯೇ ಹುಟ್ಟುತ್ತವೆ. ಅಲ್ಯೂಮಿನಿಯಂನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.8 ಗ್ರಾಂ ಇದ್ದರೆ ಇದರದು ಸುಮಾರು 1.6 ಮಾತ್ರ, ಆದರೆ ಆ ಲಾಭ ದಕ್ಕುವುದು ಎಳೆಗಳು ಬಲ ಬೀಳುವ ದಿಕ್ಕಿನಲ್ಲಿ ಸಾಗಿದಾಗ. ಎಳೆಗೆ ಅಡ್ಡಲಾಗಿ ಎಳೆದರೆ ಬಲವನ್ನು ಹೊರುವುದು ಬಹುಮಟ್ಟಿಗೆ ರೆಸಿನ್ ಒಂದೇ. ಹೀಗಾಗಿ ಅವರು ಮೊದಲು ಕೇಳಿದ್ದು ಭಾಗದ ಆಕಾರವನ್ನಲ್ಲ, ಯಾವ ಬಲ ಯಾವ ಕಡೆಯಿಂದ ಬರುತ್ತದೆ ಎಂಬುದನ್ನು. ಅದನ್ನು ತಿಳಿದ ಮೇಲೆ ಪ್ರತಿಯೊಂದು ಪದರದ ಕೋನವನ್ನು, ಅಂದರೆ 0, 45, -45, 90 ಡಿಗ್ರಿಗಳಲ್ಲಿ ಯಾವುದು ಎಂಬುದನ್ನು, ಅನುಕ್ರಮವಾಗಿ ಬರೆದ ಕೋಷ್ಟಕವೊಂದನ್ನು ಕಳುಹಿಸಿದರು.

ಆ ಕೋಷ್ಟಕದಲ್ಲಿ ಪದರಗಳು ನಡುಮಟ್ಟದ ಮೇಲೂ ಕೆಳಗೂ ಕನ್ನಡಿಯಲ್ಲಿ ಕಂಡಂತೆ ಸಮನಾಗಿದ್ದವು. ಇದು ಅಂದಕ್ಕಾಗಿ ಮಾಡಿದ್ದಲ್ಲ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾದ ಭಾಗ ಕೋಣೆಯ ಉಷ್ಣಾಂಶಕ್ಕೆ ಇಳಿಯುವಾಗ ಬೇರೆ ಬೇರೆ ಕೋನದ ಪದರಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಸಮತೋಲ ತಪ್ಪಿದ್ದರೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಆಧಾರಪಟ್ಟಿಯ ಬಾಗಿದ ಅಂಚಿನ ವಿಷಯದಲ್ಲೂ ಇಂಥದೇ ಚರ್ಚೆ ನಡೆಯಿತು. "ಸಾರ್, ಮೂಲೆ ಇಷ್ಟು ಚೂಪಾಗಿದ್ದರೆ ಬಟ್ಟೆ ಒಳಗೆ ಕೂರುವುದಿಲ್ಲ, ಮೇಲೇ ನಿಂತುಬಿಡುತ್ತದೆ. ಅಡಿಯಲ್ಲಿ ಬರೀ ರೆಸಿನ್ ತುಂಬಿಕೊಳ್ಳುತ್ತದೆ, ನಾಳೆ ಬಿರುಕು ಅಲ್ಲಿಂದಲೇ ಶುರು" ಎಂದು ಹಿರಿಯರು ಹೇಳಿ ಮೂಲೆಯ ತ್ರಿಜ್ಯವನ್ನು ಹೆಚ್ಚಿಸಿದರು. ತಣಿದಾಗ 90 ಡಿಗ್ರಿಯ ಬಾಗು ಒಂದೆರಡು ಡಿಗ್ರಿ ಒಳಕ್ಕೆ ಮುಚ್ಚಿಕೊಳ್ಳುವುದರಿಂದ ಅಚ್ಚಿನ ಕೋನವನ್ನು ಅಷ್ಟರ ಮಟ್ಟಿಗೆ ಮೊದಲೇ ತೆರೆದಿಟ್ಟರು. ಕಾರ್ಬನ್ ನೇರವಾಗಿ ಅಲ್ಯೂಮಿನಿಯಂಗೆ ತಾಗಿದರೆ ತೇವದಲ್ಲಿ ಅಲ್ಯೂಮಿನಿಯಂ ಸವೆದುಹೋಗುತ್ತದಾದ್ದರಿಂದ ಜೋಡಣೆಯ ಜಾಗಗಳಲ್ಲಿ ಗ್ಲಾಸ್ ಫೈಬರ್‌ನ ಒಂದು ಪದರವನ್ನೂ ಸೇರಿಸಿದರು. ಈ ತಿದ್ದುಪಡಿಗಳಿಗೆ ಹಿಡಿದ ಸಮಯ ಮೊದಲಿಗೆ ಅತಿಯೆನಿಸಬಹುದು, ಆದರೆ ನನ್ನ ಅಭಿಪ್ರಾಯದಲ್ಲಿ ನಾವು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದ ಪಾಲು ಇದೇ.

ತಯಾರಿಕೆಯ ಕೋಣೆಯಲ್ಲಿ ಶಿಸ್ತು ಎದ್ದು ಕಾಣುತ್ತದೆ. ರೆಸಿನ್ ಮೊದಲೇ ಹೀರಿಕೊಂಡಿರುವ ಪ್ರಿಪ್ರೆಗ್ ಬಟ್ಟೆಯನ್ನು -18 ಡಿಗ್ರಿಯ ಫ್ರೀಜರ್‌ನಲ್ಲಿಟ್ಟು, ಪ್ರತಿಯೊಂದು ಸುರುಳಿಯೂ ಹೊರಗೆ ಎಷ್ಟು ಗಂಟೆ ಇತ್ತೆಂಬುದನ್ನು ಅದರ ಜೊತೆಗಿರುವ ಚೀಟಿಯಲ್ಲಿ ಬರೆಯುತ್ತಾರೆ. ಹೊರತೆಗೆದ ಸುರುಳಿಯನ್ನು ಕೋಣೆಯ ಉಷ್ಣಾಂಶಕ್ಕೆ ಬರುವತನಕ ಮೊಹರು ಮಾಡಿದ ಚೀಲದಲ್ಲಿಯೇ ಬಿಡುತ್ತಾರೆ. ಅವಸರಕ್ಕೆ ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕೂತು, ಓವನ್‌ನಲ್ಲಿ ಅದೇ ಗುಳ್ಳೆಯಾಗುತ್ತದೆ. ಹಿಂಗಾರಿನ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಕೆಲವು ಪದರಗಳಿಗೊಮ್ಮೆ ಮೇಲೆ ಚೀಲ ಹೊದಿಸಿ, ಪಂಪಿನಿಂದ ನಿರ್ವಾತ ಹಾಕಿ ನಡುವಿನ ಗಾಳಿಯನ್ನು ಹಿಂಡಿ ತೆಗೆಯುತ್ತಾರೆ. ಕೊನೆಯ ಚೀಲ ಕಟ್ಟಿದ ಮೇಲೆ ಪಂಪನ್ನು ಬೇರ್ಪಡಿಸಿ, ಒತ್ತಡದ ಮುಳ್ಳು ಅಲುಗದೆ ನಿಲ್ಲುವುದನ್ನು ನೋಡಿಯೇ ಓವನ್ನಿಗೆ ಕಳುಹಿಸುತ್ತಾರೆ. ವಿದ್ಯುತ್ ಹೋದರೆ ಜನರೇಟರ್ ತಾನಾಗಿ ಹೊತ್ತಿಕೊಳ್ಳುವ ವ್ಯವಸ್ಥೆಯೂ ಇದೆ. ಕ್ಯೂರಿಂಗ್, ಅಂದರೆ ಬಿಸಿಯಲ್ಲಿ ರೆಸಿನ್ ಗಟ್ಟಿಯಾಗುವ ಕ್ರಿಯೆ, ನಡುವೆ ನಿಂತರೆ ಆ ಭಾಗವನ್ನು ವಿಮಾನಕ್ಕೆ ಹಾಕುವಂತಿಲ್ಲ.

ಅವರ ಮಿತಿಗಳನ್ನೂ ಹೇಳಬೇಕು. ಅವರ ಆಟೋಕ್ಲೇವ್, ಅಂದರೆ ಒತ್ತಡ ಹಾಕಿ ಬಿಸಿಮಾಡುವ ಓವನ್, ಚಿಕ್ಕದು. ಆಧಾರಪಟ್ಟಿಗಳು ಅದರಲ್ಲಿ 7 ಬಾರ್ ಒತ್ತಡದಡಿ ಬೆಂದು ಬಂದವು, ರೆಕ್ಕೆಯ ಹೊದಿಕೆಗಳು ಒಳಗೆ ಹಿಡಿಯಲಿಲ್ಲ. ಅವನ್ನು ನಿರ್ವಾತದ ಚೀಲದೊಳಗೆ ಓವನ್‌ನಲ್ಲಿ ಮಾತ್ರ ಕ್ಯೂರ್ ಮಾಡುವ ಬೇರೆ ಬಗೆಯ ಪ್ರಿಪ್ರೆಗ್‌ನಿಂದ ಮಾಡಿದರು. ಚೀಲದ ವಿಧಾನದಲ್ಲಿ ಪದರಗಳನ್ನು ಒತ್ತುವುದು ಹೊರಗಿನ ಗಾಳಿಯೊಂದೇ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹೊಸೂರಿನಲ್ಲಿ ಆ ಒತ್ತಡ ಸುಮಾರು 0.9 ಬಾರ್ ಮಾತ್ರ. ಗುಳ್ಳೆಗಳು ಉಳಿಯುವ ಸಂಭವ ಹೆಚ್ಚೆಂಬುದನ್ನು ಅವರೇ ಮೊದಲು ತಿಳಿಸಿ, ಮಾದರಿ ತುಂಡನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆ ಕೆಲಸಕ್ಕೆ ಕೈಹಾಕಿದರು. ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ತೊಂದರೆಯಾದದ್ದು ರಂಧ್ರ ಕೊರೆಯುವಾಗ. ಮೊದಲ ಕಂತಿನ ಕೆಲವು ಆಧಾರಪಟ್ಟಿಗಳಲ್ಲಿ ಡ್ರಿಲ್ ಹೊರಬರುವ ಬದಿಯ ಪದರಗಳು ಬಿಟ್ಟುಕೊಂಡಿದ್ದವು, ಹಿಂದೆ ಆನಿಕೆಯ ಹಲಗೆ ಕೊಡದೆ ಕೊರೆದರೆ ಹೀಗಾಗುತ್ತದೆ. ನಾಣ್ಯದಿಂದ ತಟ್ಟಿದಾಗ ದನಿ ಮಂಕಾಗಿದ್ದುದನ್ನು ಅವರ ತಪಾಸಕಿಯೇ ಗುರುತಿಸಿದ್ದರೂ ಭಾಗಗಳು ನಮಗೆ ತಲುಪಿಬಿಟ್ಟಿದ್ದವು. ಅವನ್ನು ತಮ್ಮ ಖರ್ಚಿನಲ್ಲಿಯೇ ಮತ್ತೆ ಮಾಡಿಕೊಟ್ಟರು. ಆದರೆ ತಪಾಸಕರ ಸಹಿಯಿಲ್ಲದೆ ಪೆಟ್ಟಿಗೆ ಗೇಟು ದಾಟಬಾರದೆಂಬ ನಿಯಮವನ್ನು ಅವರು ಇನ್ನೂ ಬಿಗಿಗೊಳಿಸಬೇಕು. ಶಬ್ದಾತೀತ ತರಂಗಗಳಿಂದ ಒಳಗಿನ ದೋಷ ಹುಡುಕುವ ಅಲ್ಟ್ರಾಸಾನಿಕ್ ಸಿ-ಸ್ಕ್ಯಾನ್ ಯಂತ್ರ ಅವರಲ್ಲಿಲ್ಲ. ಹೊದಿಕೆಗಳನ್ನು ಬೆಂಗಳೂರಿಗೆ ಕಳುಹಿಸಿ ವರದಿ ತರಿಸುವುದರಲ್ಲಿ ನಮ್ಮ ವೇಳಾಪಟ್ಟಿ ಹಿಂದೆ ಬಿತ್ತು. ಒಳಗೆ ಪದರ ಬಿಟ್ಟಿದ್ದರೂ ಮೇಲ್ಮೈ ನಯವಾಗಿಯೇ ಕಾಣುವ ಈ ವಸ್ತುವಿನಲ್ಲಿ ಆ ವರದಿಯನ್ನು ಬಿಡುವುದಂತೂ ಸಾಧ್ಯವಿಲ್ಲ.

ದರ ಕಡಿಮೆಯೇನಲ್ಲ. ಅಚ್ಚಿನ ವೆಚ್ಚವನ್ನು ಮೊದಲೇ ಕಟ್ಟಬೇಕು. ಪ್ರಿಪ್ರೆಗ್‌ಗೆ ಫ್ರೀಜರ್‌ನಲ್ಲೂ ಅವಧಿಯ ಮಿತಿಯಿರುವುದರಿಂದ ಇಡೀ ಸುರುಳಿಯ ಬೆಲೆಯನ್ನು ಗ್ರಾಹಕರೇ ಹೊರಬೇಕಾಗುತ್ತದೆ. ಒಂದೆರಡು ಭಾಗ ಮಾತ್ರ ಬೇಕಾದವರಿಗೆ, ಮಾದರಿ ವಿಮಾನ ಕಟ್ಟುವ ಹವ್ಯಾಸಿಗಳಿಗೆ ಈ ಕಾರ್ಖಾನೆ ಸೂಕ್ತವಲ್ಲ. ಅಂಥವರಿಗೆ ಒಣಬಟ್ಟೆಯ ಮೇಲೆ ನಿರ್ವಾತದಿಂದ ರೆಸಿನ್ ಹರಿಸುವ ವಿಧಾನದಲ್ಲಿ ಕೆಲಸ ಮಾಡುವವರು ಸಾಕು. ಹಾರಬೇಕಾದ, ಭಾರ ಹೊರಬೇಕಾದ ಭಾಗಗಳನ್ನು ಕಂತುಕಂತಾಗಿ ಮಾಡಿಸುವವರು ಮಾತ್ರ ನಕ್ಷೆ ಅಂತಿಮಗೊಳ್ಳುವ ಮೊದಲೇ ಇವರನ್ನು ಕಾಣುವುದು ಒಳ್ಳೆಯದು. ಪ್ರತಿ ಭಾಗದ ಜೊತೆಗೆ ಬರುವ ಕಡತದಲ್ಲಿ ಸುರುಳಿಯ ಸಂಖ್ಯೆ, ಹೊರಗಿದ್ದ ಗಂಟೆಗಳು, ಓವನ್ನಿನ ಉಷ್ಣಾಂಶದ ಗೆರೆ ಮತ್ತು ತಪಾಸಣೆಯ ಸಹಿ ಇವೆಯೇ ಎಂದು ನೋಡಿಯೇ ಕೊನೆಯ ಕಂತಿನ ಹಣ ಪಾವತಿಸಬೇಕು. ನಮಗೆ ಬಂದ ಕಡತಗಳಲ್ಲಿ ಅಷ್ಟೂ ಇದ್ದವು, ಬಾಲದ ಭಾಗಗಳ ಮುಂದಿನ ಕಂತನ್ನೂ ಅವರಿಗೇ ಕೊಟ್ಟಿದ್ದೇವೆ.