ಡ್ರೋನ್: 250 ಗ್ರಾಂ ಒಳಗಿನದೋ, ಸ್ವಲ್ಪ ದೊಡ್ಡದೋ?

ಮನೆ ಮಂದಿ ಜೊತೆ ಪ್ರವಾಸ, ಆಗಾಗ ಮದುವೆ ಶೂಟಿಂಗ್, ಎರಡಕ್ಕೂ ಒಂದೇ ಡ್ರೋನ್ ಸಾಕಾ ಅಂತ ಕೇಳಿದ್ದೀರಿ. ಮೊದಲು ತಕ್ಕಡಿ ನೋಡಿ. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕೆಜಿವರೆಗೆ ಮೈಕ್ರೋ. ಮೇಲೆ ಹೊತ್ತ ಭಾರವೂ ಲೆಕ್ಕಕ್ಕೆ ಬರುತ್ತದೆ. 249 ಗ್ರಾಂ ಡ್ರೋನ್‌ಗೆ ರೆಕ್ಕೆ ಕಾಯುವ ಪ್ಲಾಸ್ಟಿಕ್ ಬಳೆ ಹಾಕಿದಿರೋ, ಅದು ಮೈಕ್ರೋ ಆಯ್ತು!

ನೋಂದಣಿ ಶುಲ್ಕ ಬರೀ 100 ರೂಪಾಯಿ, ಅದನ್ನು ನೋಡಿ ಆರಿಸಬೇಡಿ. ನಿಜವಾದ ಖರ್ಚು ಪೈಲಟ್ ಸರ್ಟಿಫಿಕೇಟಿನದು. ನ್ಯಾನೋಗೆ ಅದು ಬೇಡ, ದುಡ್ಡಿಗೆ ಹಾರಿಸಿದರೂ ಬೇಡ. ಮೈಕ್ರೋವನ್ನು ಸುಮ್ನೆ ಖುಷಿಗೆ ಹಾರಿಸಿದರೆ ಬೇಡ, ಮದುವೆಗೆ ದುಡ್ಡು ತಗೊಂಡರೆ ಬೇಕೇಬೇಕು. ಹತ್ತನೇ ಕ್ಲಾಸ್ ಪಾಸಾಗಿ, ಮಾನ್ಯತೆ ಪಡೆದ ಕಡೆ ತರಬೇತಿ ಮುಗಿಸಬೇಕು. ಸಿಕ್ಕಿದರೆ 10 ವರ್ಷ ಚಿಂತೆಯಿಲ್ಲ. ಥರ್ಡ್ ಪಾರ್ಟಿ ವಿಮೆ, ಟೈಪ್ ಸರ್ಟಿಫಿಕೇಟ್ (ಆ ಮಾಡೆಲ್ ಪರೀಕ್ಷೆಯಲ್ಲಿ ಪಾಸಾಗಿದೆ ಅನ್ನೋ ಪತ್ರ) ಕೂಡ ಮೈಕ್ರೋಗೆ ಮಾತ್ರ.

ಎಲ್ಲಿ ಹಾರಿಸಬಹುದು ಅನ್ನೋದರಲ್ಲಿ ನ್ಯಾನೋಗೆ ರಿಯಾಯಿತಿ ಇಲ್ಲ. ಸರ್ಕಾರದ ಡ್ರೋನ್ ಮ್ಯಾಪ್‌ನಲ್ಲಿ ಹಸಿರು ಬಣ್ಣದಲ್ಲಿ ತೋರಿಸಿದ ಜಾಗ, ಅಂದರೆ ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದಿಂದ 8–12 ಕಿ.ಮೀ. ದೂರದಲ್ಲಿ 200 ಅಡಿ ಮಾತ್ರ. ವಾಯುಪಡೆ ನೆಲೆ ಇರುವ ಯಲಹಂಕದ ಕಡೆಯವರಾದರೆ ಆ ಮ್ಯಾಪ್ ನೋಡದೆ ಟೆರೇಸ್ ಹತ್ತಬೇಡಿ.

ಗಾಳಿಗೆ ನ್ಯಾನೋ ಗಾಳಿಪಟದ ಹಾಗೆ ಒಲೆದಾಡುತ್ತದೆ, ಮೈಕ್ರೋ ಗಟ್ಟಿ ನಿಲ್ಲುತ್ತದೆ. ತಿಂಗಳಿಗೆ ನಾಲ್ಕೈದು ಆರ್ಡರ್ ಇದ್ದರೆ ಮೈಕ್ರೋ, ತರಬೇತಿ ಎರಡೂ ಸರಿ. ವರ್ಷಕ್ಕೆ ಒಂದೆರಡಾದರೆ ನ್ಯಾನೋ ಸಾಕು. ವಿದೇಶದಿಂದ ತರಿಸೋಣ ಅಂದುಕೊಂಡಿದ್ರೆ ಬೇಡ, 2022ರ ಫೆಬ್ರವರಿಯಿಂದ ಆಮದಿಗೆ ನಿಷೇಧವಿದೆ.